ಭಾರದ ಪ್ರೊಪೆಲ್ಲರ್

ಮೇಸ್ತ್ರಿಗೆ ಅಕ್ಕನನ್ನು ಬಿಟ್ಟರೆ ನಮ್ಮವರು ಅಂತ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅಕ್ಕನ ಗಂಡನನ್ನು ಅವನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ಭಾವ ರೇಸ್ ದೋಣಿ ಓಡಿಸುತ್ತಿದ್ದ, ಪಕ್ಕದಲ್ಲಿ ಕೂತು ವೇಗ ಏರಿಸಿ ಇಳಿಸುವುದು ಅಕ್ಕನ ಕೆಲಸ. ದಡದ ಶೆಡ್ಡಿನಲ್ಲಿ ಅದರ ಎರಡು ಎಂಜಿನ್ ನೋಡಿಕೊಳ್ಳುವವನು ಮೇಸ್ತ್ರಿ.

ರೇಸ್ ನಡೆಯುತ್ತಿದ್ದುದು ಸಿಹಿನೀರಿನ ಸರೋವರದಲ್ಲಿ. ಪ್ರತಿ ಸೋಮವಾರ ಎಂಜಿನ್ನಿಗೆ ಪೈಪು ಕೊಟ್ಟು ತೊಳೆಯುವಾಗ, ಹೊರಬಂದ ಮೊದಲ ನೀರನ್ನು ನಾಲಿಗೆಗೆ ಹಚ್ಚಿ ನೋಡುವುದು ಮೇಸ್ತ್ರಿಗೆ ಅಪ್ಪನಿಂದ ಬಂದ ಚಾಳಿ. ಎಣ್ಣೆ ಸೋರಿದ್ದರೆ ಕಣ್ಣಿಗಿಂತ ಮೊದಲು ನಾಲಿಗೆಗೆ ಗೊತ್ತಾಗುತ್ತಿತ್ತು. ಆ ಸೋಮವಾರ ಗೊತ್ತಾದದ್ದು ಉಪ್ಪು. ಸರೋವರದಿಂದ ಸಮುದ್ರಕ್ಕೆ ಒಂದು ಕಾಲುವೆಯಷ್ಟೇ ದೂರ.

ಅವನು ಬಗ್ಗಿ ಪ್ರೊಪೆಲ್ಲರ್ ನೋಡಿದ. ಬಿಗಿದ ನಟ್ಟಿನ ಮೇಲೆ ತಾನೇ ಎಳೆದಿದ್ದ ಕೆಂಪು ಗೆರೆ ಪಕ್ಕಕ್ಕೆ ಸರಿದಿತ್ತು. ಗೋಡೆಗೆ ನೇತುಹಾಕಿದ್ದ ಇನ್ನೊಂದು ಜೋಡಿ ಪ್ರೊಪೆಲ್ಲರ್‌ಗಳಲ್ಲಿ ಹೊಸ ಗೀರುಗಳಿದ್ದವು. ಅದು ಭಾರಕ್ಕೆ ಹಾಕುವ ಜೋಡಿ. ರೇಸಿನ ಜೋಡಿ ಹಾಕಿಕೊಂಡು ಭಾರ ಹೇರಿದರೆ ದೋಣಿ ಮೂಗೆತ್ತಿ ಕೂರುತ್ತದೆ, ಓಡುವುದಿಲ್ಲ. ಯಾರೋ ಕದ್ದು ಸಮುದ್ರದಿಂದ ಮಾಲು ತಂದಿದ್ದರು.

"ಭಾವ, ಪ್ರೊಪೆಲ್ಲರ್ ಬಿಚ್ಚಿದ್ರಾ?"

"ನಾನಾ? ಬಾಟ್ಲಿ ಮುಚ್ಚಳ ಬಿಚ್ಚೋಕೂ ನಂಗೆ ನಿಮ್ಮಕ್ಕನೇ ಬೇಕು ಕಣೋ."

"ಕೈಗಡಿಯಾರ ಹೊಸದು?"

"ಅವಳೇ ಕೊಡಿಸಿದ್ದು. ಚೆನ್ನಾಗಿದೆಯಾ?"

ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ ಅಂದುಕೊಂಡ ಮೇಸ್ತ್ರಿ. ಫೋನ್ ಬಂದರೆ ಭಾವ ಎದ್ದು ಹೊರಗೆ ಹೋಗುತ್ತಿದ್ದದ್ದೂ ಈಗ ನೆನಪಾಯಿತು. ಪೊಲೀಸರಿಗೆ ಹೇಳಿದರೆ ಅಕ್ಕನ ಸಂಸಾರ ಬೀದಿಗೆ ಬೀಳುತ್ತದೆ. ಸುಮ್ಮನಿದ್ದರೆ ಒಂದು ದಿನ ಅವಳನ್ನೂ ಸೇರಿಸಿ ಎಳೆದೊಯ್ಯುತ್ತಾರೆ. ಭಾರದ ಜೋಡಿಯನ್ನು ಗೋಣಿಚೀಲಕ್ಕೆ ಹಾಕಿ ತನ್ನ ಮಂಚದ ಕೆಳಗೆ ತಳ್ಳಿದ. ಹೇರಲು ಆಗದಿದ್ದರೆ ಕಳ್ಳಸಾಗಣೆ ತಾನಾಗಿ ನಿಲ್ಲುತ್ತದೆ.

ಮರುದಿನ ಅಕ್ಕ ಶೆಡ್ಡಿಗೆ ಬಂದಳು. "ಲೋ, ಗೋಡೆ ಮೇಲಿದ್ದ ಜೋಡಿ ಎಲ್ಲೋ?"

"ರಿಪೇರಿಗೆ ಕೊಟ್ಟೆ. ಯಾಕೆ, ಭಾವ ಕೇಳಿದ್ರಾ?"

ಅವಳು ಗೋಡೆಯ ಖಾಲಿ ಮೊಳೆಯನ್ನು ಮುಟ್ಟಿ ನೋಡಿ, "ಹೂಂ, ಅವರೇ" ಅಂದಳು. "ಯಾವಾಗ ಬರುತ್ತೆ? ಬುಧವಾರದೊಳಗೆ ಬೇಕಿತ್ತು."

"ಮುಂದಿನ ವಾರ. ಅಕ್ಕಾ, ಅವರ ಮೇಲೊಂದು ಕಣ್ಣಿಟ್ಟಿರು."

"ಶುರುವಾಯ್ತು ನಿನ್ನ ಅನುಮಾನ! ಹುಟ್ಟಿದ ದಿನವೇ ನರ್ಸಮ್ಮನ್ನ ದುರುಗುಟ್ಟಿ ನೋಡಿದವನಲ್ವಾ ನೀನು."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಟ್ಟೆಯಲ್ಲಿ ದೋಣಿ ಇರಲಿಲ್ಲ. ಸಿಕ್ಕಿಬಿದ್ದೆಯಾ ಭಾವ ಅಂತ ಮೇಸ್ತ್ರಿ ಸ್ಟೂಲ್ ಎಳೆದುಕೊಂಡು ಕೂತ. ಹನ್ನೊಂದಕ್ಕೆ ಭಾವ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿಬಂದ.

"ದೋಣಿ ತಗೊಂಡು ಎಲ್ಲಿಗೋ ಹೋದ್ಲು ನಿಮ್ಮಕ್ಕ? ಕಸ್ಟಮ್ಸ್‌ನವರು ಫೋನ್ ಮಾಡಿದ್ರು!"

ಕಾಲುವೆಯ ಬಾಯಲ್ಲಿ ಸಿಗರೇಟಿನ ಪೆಟ್ಟಿಗೆಗಳನ್ನು ಹೊತ್ತ ದೋಣಿ ಮೂಗೆತ್ತಿ ನಿಂತಿತ್ತು. ತಪ್ಪಿಸಿಕೊಳ್ಳಲು ಅಕ್ಕ ಎರಡೂ ಎಂಜಿನ್ನುಗಳನ್ನು ಸುಟ್ಟುಹೋಗುವವರೆಗೆ ಓಡಿಸಿದ್ದಳು. ಕಸ್ಟಮ್ಸ್‌ನವರ ಹಳೇ ದೋಣಿ ನಿಧಾನಕ್ಕೆ ಬಂದೇ ಹಿಡಿದಿತ್ತು.

ಠಾಣೆಯಲ್ಲಿ ಅವಳು ತಮ್ಮನನ್ನು ಕೇಳಿದ್ದು ಒಂದೇ ಮಾತು. "ರಿಪೇರಿಗೆ ಕೊಟ್ಟಿರಲಿಲ್ಲ ಅಲ್ವಾ?"

"ಇಲ್ಲ. ಭಾವನ ಕೆಲಸ ಅಂದ್ಕೊಂಡೆ."

"ನಟ್ಟು ಯಾವ ಕಡೆ ತಿರುಗುತ್ತೆ ಅನ್ನೋದೇ ಅವರಿಗೆ ಗೊತ್ತಿಲ್ವಲ್ಲೋ, ದಡ್ಡ."

ಹೋದದ್ದು ದೋಣಿ ಒಂದು, ಎಂಜಿನ್ ಎರಡು, ಜೈಲಿನಲ್ಲಿ ಅಕ್ಕನ ಐದು ವರ್ಷ.