ಒಂದು ಕೋಣೆಯ ರೇಟು

ತೀರ್ಥಮ್ಮನ ಉಗುರಿನ ಸಂದಿಯ ಬಿಳಿ ಬಣ್ಣ ಎಷ್ಟು ಉಜ್ಜಿದರೂ ಹೋಗಲಿಲ್ಲ. ನಸ್ರೀನ್ ಬಟ್ಟೆಗೆ ಇನ್ನಷ್ಟು ಥಿನ್ನರ್ ಹಾಕಿಕೊಂಡಳು.

"ಬಿಡು ಕಣೇ. ಮಣ್ಣಿಗೆ ಹೋಗೋ ಕೈ," ಎಂದಳು ಹೇಮಾವತಿ. ಸತ್ತ ತೀರ್ಥಮ್ಮನ ತಂಗಿ. ಯಗಟಿಯಿಂದ ಮೊದಲ ಬಸ್ಸಿಗೆ ತರೀಕೆರೆಗೆ ಬಂದಿದ್ದಳು.

ತೀರ್ಥಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ದಪ್ಪನೆಯ ವಿಭೂತಿ. ಬದುಕಿದ್ದಾಗ ಅವಳು ಹೀಗೆ ಗೋಡೆಗೆ ಒರಗಿ ಕೂತದ್ದನ್ನು ಯಾರೂ ಕಂಡಿರಲಿಲ್ಲ, ಪುಣ್ಯಾತ್ಗಿತ್ತಿಗೆ ಪುರುಸೊತ್ತೆಲ್ಲಿತ್ತು!

"ಆ ಅಜ್ಜಂಪುರದ ಮನೆನೇ ನಮ್ಮಕ್ಕನ್ನ ತಿಂತು," ಹೇಮಾವತಿ ಕಣ್ಣೊರೆಸಿಕೊಂಡಳು. "ಮನೆ ನೋಡ್ದೆ ಫೋನಲ್ಲೇ ರೇಟು ಹೇಳ್ಬಿಟ್ಟೆ ಕಣೇ, ನಂಗೇ ಬುದ್ಧಿ ಇರ್ಲಿಲ್ಲ ಅಂತ ಆಸ್ಪತ್ರೇಲಿ ಅಂತಿದ್ಳು."

ನಸ್ರೀನಳ ಕೈ ನಿಂತಿತು. ಆ ರೇಟು ಹೇಳಿದವಳು ತೀರ್ಥಮ್ಮನಲ್ಲ. ನಸ್ರೀನ್.

*

ಹೊಸ ಮನೆ ಕಟ್ಟಿ ಮುಗಿದ ಮೇಲೆ, ಗೃಹಪ್ರವೇಶಕ್ಕೆ ಮುಂಚೆ, ಸಿಮೆಂಟು ಬಣ್ಣಗಳ ಕಲೆ ತೆಗೆದು ತೊಳೆದುಕೊಡುವುದು ತೀರ್ಥಮ್ಮ, ನಸ್ರೀನ್ ಇಬ್ಬರ ಕೆಲಸ. ರೇಟು ಹೇಳಲು ತೀರ್ಥಮ್ಮನದೊಂದು ಪದ್ಧತಿ. ಮೊದಲು ಒಂದು ಕೋಣೆಯನ್ನು ಪೂರ್ತಿ ತೊಳೆಯಬೇಕು. ಎಷ್ಟು ಹೊತ್ತಾಯಿತೆಂದು ನೋಡಿ, ಅದನ್ನು ಉಳಿದ ಕೋಣೆಗಳಿಗೆ ಹಿಡಿದು ಬೆಲೆ ಹೇಳಬೇಕು. ಮಾಲೀಕ ಒಪ್ಪದಿದ್ದರೆ ಆ ಕೋಣೆಯ ಕೆಲಸ ಪುಕ್ಕಟೆ.

"ಎಲ್ರೂ ಚದರಡಿ ಲೆಕ್ಕ ಹೇಳ್ತಾರೆ ತೀರ್ಥಕ್ಕ."

"ಹೇಳ್ಲಿ ಬಿಡೇ. ಕಲೆ ಚದರಡಿ ಲೆಕ್ಕದಲ್ಲಿ ಬೀಳುತ್ತೇನೇ?"

ಅಜ್ಜಂಪುರದ ಮನೆಗೆಂದು ಮೇಸ್ತ್ರಿ ಸಿದ್ದೇಶ್ ಫೋನ್ ಮಾಡಿದಾಗ ತೀರ್ಥಮ್ಮ ಸ್ನಾನಕ್ಕೆ ಹೋಗಿದ್ದಳು. ಕೆಲಸ ಬೇರೆಯವರ ಪಾಲಾದೀತೆಂದು ನಸ್ರೀನ್ ಚದರಡಿ ಕೇಳಿ, "ಹತ್ತು ಸಾವಿರ, ಮೂರು ದಿನ" ಎಂದುಬಿಟ್ಟಳು. ಹೋಗಿ ನೋಡಿದರೆ ಎರಡು ಅಂತಸ್ತಿನ ಟೈಲ್ಸ್ ಮೇಲೂ ಸಿಮೆಂಟು ಕಲ್ಲಾಗಿ ಕೂತಿತ್ತು. ಕೂಲಿಯವರನ್ನು ಕರೆದರೆ ಕೈಯಿಂದ ಹಾಕಬೇಕು. ಇಬ್ಬರೇ ಹನ್ನೊಂದು ದಿನ ಉಜ್ಜಿದರು. ಕಿಟಕಿ ಇಲ್ಲದ ಬಚ್ಚಲಿಗೆ ಆಸಿಡ್ ಹಿಡಿದು ಹೋಗುತ್ತಿದ್ದವಳು ತೀರ್ಥಮ್ಮ. ಮೊದಲೇ ಉಬ್ಬಸದ ಎದೆ.

"ನೀನು ಆಚೆ ಇರು. ಮಕ್ಕಳೊಂದಿಗಳು ನೀನು."

"ಇನ್ನಷ್ಟು ದುಡ್ಡು ಕೇಳೋಣ ತೀರ್ಥಕ್ಕ, ನನ್ನದೇ ತಪ್ಪು."

"ಆಡಿದ್ದು ಆಡಿ ಆಯ್ತು. ನಮ್ಮ ಬಾಯಿಂದ ಬಂದ ಮಾತು," ಎಂದು ಕೆಮ್ಮಿದಳು. ಆ ಕೆಮ್ಮು ನಿಲ್ಲಲೇ ಇಲ್ಲ.

*

ಮಣ್ಣು ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ತೀರ್ಥಮ್ಮ ಬಾಡಿಗೆಗಿದ್ದ ಮನೆಯ ಮಾಲೀಕ ಷಣ್ಮುಖಪ್ಪ ಜಗಲಿಯ ಮೇಲೆ ಕಾಯುತ್ತಿದ್ದ.

"ಹೆಂಗೂ ನೀನೇ ಇದೀಯಲ್ಲಮ್ಮ, ತೊಳೆದುಕೊಟ್ಬಿಡು. ಸುಣ್ಣ ಹೊಡೆಸ್ಬೇಕು. ಸುಮ್ನೆ ಬೇಡ, ಎಷ್ಟಾಗುತ್ತೆ ಹೇಳು."

ನಸ್ರೀನ್ ಬಕೆಟ್ಟು ಎತ್ತಿಕೊಂಡಳು. "ಒಂದು ಕೋಣೆ ತೊಳೆದು ನೋಡಿ ಹೇಳ್ತೀನಿ."

"ಇರೋದೇ ಒಂದು ಕೋಣೆ ಕಣಮ್ಮ!"

ಅವಳು ಸೆರಗು ಸಿಕ್ಕಿಸಿ ಮೊಬೈಲಿನಲ್ಲಿ ಹೊತ್ತು ನೋಡಿಕೊಂಡಳು. ಹೇಮಾವತಿ ಬಟ್ಟೆ ಚೀಲ ಕಟ್ಟುತ್ತಿದ್ದಳು.

"ಹೇಮಕ್ಕ, ಆ ರೇಟು ಹೇಳಿದ್ದು ನಾನು. ತೀರ್ಥಕ್ಕ ಅಲ್ಲ."

ಹೇಮಾವತಿ ಅವಳನ್ನು ನೋಡಿದಳು. ಚೀಲದ ಗಂಟು ಬಿಗಿದಳು. "ಅವಳು ನನಗೂ ಹೇಳ್ಲಿಲ್ವಲ್ಲೇ," ಎಂದಳು. ಚೀಲ ಎತ್ತಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ನಸ್ರೀನ್ ಜೇಡರ ಬಲೆ ತೆಗೆದಳು, ಕಿಟಕಿ ಒರೆಸಿದಳು, ನೆಲಕ್ಕೆ ಮೂರು ಸಲ ನೀರು ಹಾಕಿದಳು. ಉಳಿದದ್ದು ತೀರ್ಥಮ್ಮನನ್ನು ಕೂರಿಸಿದ್ದ ಗೋಡೆ. ಅಲ್ಲಿ, ಭುಜದೆತ್ತರಕ್ಕೆ, ಅಂಗೈಯಗಲ ವಿಭೂತಿ ಮೆತ್ತಿಕೊಂಡಿತ್ತು.

ಬೆಳಕು ಇಳಿದ ಮೇಲೆ ಷಣ್ಮುಖಪ್ಪ ಬಾಗಿಲಲ್ಲಿ ಇಣುಕಿದ. "ಆಯ್ತೇನಮ್ಮಾ? ಎಷ್ಟು ಹೇಳು."

"ಇನ್ನೂ ಮುಗಿದಿಲ್ಲ," ಎಂದಳು ನಸ್ರೀನ್. ಆ ಗೋಡೆಯ ಮುಂದೆ ಕೂತಿದ್ದಳು. ಕೈಯಲ್ಲಿದ್ದ ಒದ್ದೆ ಬಟ್ಟೆ ಆಗಲೇ ಒಣಗಿತ್ತು.