ಬನ್ನಿಗಿಡದ ಮೂಲೆ

ಮೊಣಕಾಲಾಳ ಇಳಿಯುವಷ್ಟರಲ್ಲಿ ಗುದ್ದಲಿಯ ಸದ್ದು ಬದಲಾಯಿತು. ಮಶಾಕ ಕೈ ತಡೆದು, ತಲೆಯೆತ್ತಿ ತನ್ನ ಸಾವ್ಕಾರನ ಮುಖ ನೋಡಿದ. ದೇವಿಂದ್ರಪ್ಪ ಒಣಗಿ ನಿಂತ ಬನ್ನಿಗಿಡವನ್ನು ನೋಡುತ್ತಿದ್ದ. ಅದರಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ.

“ಯಾಕ ನಿಂತೀಯೋ ಮಶಾಕ? ಅಗಿ,” ಎಂದಳು ಮಾಣಿಕಮ್ಮ. “ಹೊತ್ತು ಇಳ್ಯಾಕತ್ತದ.”

ಮಾಣಿಕಮ್ಮ ತೀರಿಹೋದ ಭಾಗಮ್ಮನ ನೆರೆಮನೆಯವಳು, ಐವತ್ತು ವರ್ಷದ ಗೆಳತಿ. ಬೆಳಿಗ್ಗೆ ದೇವಿಂದ್ರಪ್ಪ ತಾಯಿಯನ್ನು ಶಹಾಬಾದದ ರುದ್ರಭೂಮಿಗೆ ಒಯ್ಯುವ ಮಾತು ತೆಗೆದಾಗ, ಮಣ್ಣಿಗೆ ಬಂದ ಬೀಗರು, ಬಂಧುಗಳ ಎದುರಿಗೇ ಆಕೆ ಅಡ್ಡ ಬಂದಿದ್ದಳು.

“ಬನ್ನಿಗಿಡದ ಬುಡಕ ಇಡ್ರಿ ಅಂತ ನನ್ನ ಕೈ ಹಿಡದು ಹೇಳ್ಯಾಳ. ಅವ್ವನ ಸಲುವಾಗಿ ಮೂಲಿ ಬಿಟ್ಟೀನಿ ಅಂತ ನೀನೇ ಊರೆಲ್ಲಾ ಹೇಳ್ಕೋತ ತಿರಗ್ಯಾಡೀದಿ. ಈಗೇನು ಬಂತು ತಮ್ಮಾ?”

ಅಂಗಳದ ತುಂಬ ಜನ ಕಿವಿಗೊಟ್ಟು ಕುಳಿತಿದ್ದರು. ದೇವಿಂದ್ರಪ್ಪ ಹೂಂ ಎಂದುಬಿಟ್ಟ.

ಹೊಲ ಎಂಬುದು ಈಗ ಹೆಸರಿಗಷ್ಟೇ ಹೊಲ. ಎಲ್ಲಿ ನೋಡಿದರೂ ಖಣಿಯ ತಗ್ಗುಗಳು, ತಗ್ಗಿನಲ್ಲಿ ಹಸಿರುಗಟ್ಟಿದ ನೀರು, ದಂಡೆಯಲ್ಲಿ ಅಳತೆ ನೋಡಿ ಜೋಡಿಸಿಟ್ಟ, ನೆಲಕ್ಕೆ ಹಾಸುವ ಫರ್ಸಿ ಕಲ್ಲು. ಮೂಡಣ ಮೂಲೆಯಲ್ಲಿ ಮಾತ್ರ ಎರಡು ಬಂಡಿ ನಿಲ್ಲುವಷ್ಟು ಕರಿಮಣ್ಣು, ಬನ್ನಿಗಿಡ, ಅದರ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು. ಯಾರು ನೋಡಿದರೂ ಮಗ ತಾಯಿಯ ಮಾತು ಉಳಿಸಿದ್ದಾನೆ ಎನ್ನಬೇಕು. ಹಾಗೆ ಅನ್ನಲೆಂದೇ ಅದನ್ನು ಮಾಡಿದ್ದು.

*

ಭಾಗಮ್ಮ ಊರಿಗೆ ದೊಡ್ಡ ಮನುಷ್ಯಳೇನೂ ಅಲ್ಲ. ಕೊರಳಲ್ಲಿ ಲಿಂಗ ಕಟ್ಟಿದ್ದಳು, ಮಠದ ಅಯ್ಯನವರು ಬಂದರೆ ಪಾದ ತೊಳೆಯುತ್ತಿದ್ದಳು. ಆದರೆ ಮನಸ್ಸಿನ ಮಾತೆಲ್ಲ ಹೊಲದ ಜೊತೆಗೆ. ಜೋಳದ ಮೊದಲ ಸಾಲು ಹಕ್ಕಿಗೆ ಬಿಡುವಳು. ಇಲಿಯ ಬಿಲಕ್ಕೆ ನೀರು ಹೊಯ್ಯಲು ಹೋದ ಆಳನ್ನು ಅಟ್ಟಿಸಿಕೊಂಡು ಹೋಗಿ ಬೈದವಳು. ಎಳ್ಳು ಅಮಾವಾಸ್ಯೆ ಬಂದರೆ, ಆ ಎಳ್ಳಮಾಸಿಯ ದಿನ ಐದು ಕಲ್ಲಿಗೆ ಸುಣ್ಣ ಬಳಿದು, ಸಜ್ಜೆ ಕಡುಬು, ಭಜ್ಜಿ ಪಲ್ಲೆ ಎಡೆ ಇಟ್ಟು, ಆಮೇಲೆ ಹೊಲದ ನಾಲ್ಕೂ ದಿಕ್ಕಿಗೆ ಅನ್ನ ಚೆಲ್ಲಿ ಚರಗ ಹೊಡೆಯುವಳು. ಭೂಮಿ ಉಂಡ ಮೇಲೆಯೇ ಮನೆಯವರ ಊಟ. ಕೊನೆಗೆ ಮೂಲೆಯ ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡು ಮುಂದಿನ ಬೆಳೆ ಹೇಗೆಂದು ಹೇಳುವಳು. ಹತ್ತರಲ್ಲಿ ಆರು ಸಲ ಅವಳ ಮಾತು ಸುಳ್ಳಾಗುತ್ತಿತ್ತು. ಅದಕ್ಕೆ ಅವಳಿಗೇನೂ ಬೇಜಾರಿರಲಿಲ್ಲ.

1994ರಲ್ಲಿ ದೇವಿಂದ್ರಪ್ಪ ಖಣಿ ತೆಗೆಯುವ ಮಾತೆತ್ತಿದ.

“ಯವ್ವಾ, ಎರಡು ಮೊಳ ಮಣ್ಣಿನ ಕೆಳಗ ಬರೇ ಫರ್ಸಿ ಅದ. ಸುತ್ತ ಎಲ್ಲಾರೂ ತಗ್ಯಾಕತ್ತಾರ. ಹೊಲ ನಮ್ದಲ್ಲೇನು?”

ಭಾಗಮ್ಮ ನಕ್ಕಳು. “ತಲ್ಯಾಗಿನ ಹೇನಿಗೂ ತಲಿ ತಂದೇ ಅನಸ್ತದ.”

“ಹಂಗಾರ ನಾವು ಹೇನೇನು?”

“ಹೇನು ನಮಗಿಂತ ಚೊಲೋ. ತಲಿ ಒಡ್ಯಾಂಗಿಲ್ಲ.”

ಕೊನೆಗೆ ಒಪ್ಪಿದಳು. ಒಪ್ಪದೆ ಏನು ಮಾಡಿಯಾಳು, ಹೊಲ ಮಗನ ಹೆಸರಿಗಿತ್ತು. ಮೂಡಣ ಮೂಲೆಯನ್ನು ಮಾತ್ರ ಬೇಡಿಕೊಂಡಳು. ಅಲ್ಲೊಂದೇ ಕಡೆ ಮಣ್ಣು ಆಳುದ್ದ ಇತ್ತು.

“ಇಷ್ಟು ದಿನ ನಾ ಭೂಮಿತಾಯಿನ್ನ ತಿಂದೀನಿ. ಸತ್ತ ಮ್ಯಾಲ ಆಕಿ ನನ್ನ ತಿನ್ಲಿ. ನಮ್ಮಿಬ್ಬರ ನಡಕ ಕಲ್ಲು ಬರಬಾರ್ದು, ಇಷ್ಟ ನೋಡು.”

ದೇವಿಂದ್ರಪ್ಪ ಅವಳ ತಲೆ ಮುಟ್ಟಿ ಆಣೆ ಮಾಡಿದ. ಏಳು ವರ್ಷ ಆ ಮಾತು ಉಳಿಸಿದ ಕೂಡ. ಆಮೇಲೆ ಊರೂರಿಗೆ ಟೈಲ್ಸ್ ಬಂದು ಫರ್ಸಿ ಕೇಳುವವರು ಕಡಿಮೆಯಾದರು. 2001ರಲ್ಲಿ ಸೇಡಂ ಕಡೆಯವರು ಕಲ್ಯಾಣಮಂಟಪದ ನೆಲಕ್ಕೆ ಒಂದೇ ಬಣ್ಣದ ಕಲ್ಲು ಬೇಕೆಂದು ಬಂದಾಗ, ಅಂಥದ್ದು ಉಳಿದಿದ್ದು ಮೂಲೆಯ ಕೆಳಗೆ ಮಾತ್ರ. ಭಾಗಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅವಳು ಬಂದು ನೋಡುವುದಂತೂ ಇರಲಿಲ್ಲ.

ಮಶಾಕ ಮತ್ತು ಹೊರಗಿನಿಂದ ಬಂದ ನಾಲ್ಕು ಆಳು ಸೇರಿ ಹನ್ನೆರಡು ದಿನದಲ್ಲಿ ಕೆಲಸ ಮುಗಿಸಿದರು. ಮೂಲೆಯ ಮಣ್ಣು ಇಟ್ಟಂಗಿ ಭಟ್ಟಿಗೆ ಹೋಯಿತು, ಕಲ್ಲು ಸೇಡಂಗೆ ಹೋಯಿತು. ತಗ್ಗಿಗೆ ಕಲ್ಲಿನ ಚೂರು, ಪುಡಿ ತುಂಬಿ, ಮೇಲೆ ದಂಡೋತಿಯ ಹೊಳೆದಂಡೆಯಿಂದ ಕರಿಮಣ್ಣು ತಂದು ಎಳೆದರು. ಐದು ಕಲ್ಲನ್ನು ಇದ್ದ ಜಾಗಕ್ಕೇ ಇಟ್ಟರು. ಬನ್ನಿಗಿಡ ಮಾತ್ರ ಮೋಸ ಹೋಗಲಿಲ್ಲ. ಬೇರು ಕಡಿದ ಮುಂದಿನ ಬೇಸಿಗೆಗೆ ಒಣಗಿತು. ಹುಳ ಹತ್ತಿತು ಎಂದು ದೇವಿಂದ್ರಪ್ಪ ಊರಿಗೆ ಹೇಳಿದ. ಖಣಿಯ ಊರಿನಲ್ಲಿ ಒಬ್ಬರ ತಗ್ಗನ್ನು ಇನ್ನೊಬ್ಬರು ಇಣುಕಿ ನೋಡುವುದಿಲ್ಲ.

*

ಮಶಾಕ ಅಗೆದ. ಬೂದು ಬಣ್ಣದ ಕಲ್ಲುಪುಡಿ ಬಂತು. ಫರ್ಸಿಯ ಚೂರು, ಹರಿದ ಸಿಮೆಂಟ್ ಚೀಲ, ಗುಟಖಾ ಚೀಟಿಗಳು ಬಂದವು. ಭಾಗಮ್ಮನ ಪಾದ ಅಳೆದ ದಾರ ಹಿಡಿದು ಕುಣಿಯ ಆಳ ನೋಡಲು ಬಂದ ಅಯ್ಯನವರು ಬಗ್ಗಿದವರು ಹಾಗೆಯೇ ನಿಂತರು.

“ಏನಪ್ಪಾ ಇದು ದೇವಿಂದ್ರಪ್ಪ? ಇಂಥಾದ್ರಾಗ ಹ್ಯಾಂಗ ಕುಂದರಸೂದು?”

ಹೊತ್ತು ತಂದಿಟ್ಟ ಬಿದಿರಿನ ವಿಮಾನದೊಳಗೆ ಭಾಗಮ್ಮ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ಕುಳಿತಿದ್ದಳು.

“ನಂದೂ ತಪ್ಪದ ರೀ ಅಪ್ಪೋರೆ,” ಎಂದ ಮಶಾಕ ಕುಣಿಯೊಳಗಿಂದಲೇ. “ಈ ಕೈಲಿಂದೇ ತಗದೀನಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವಿಂದ್ರಪ್ಪ ಮಾಣಿಕಮ್ಮನ ಕಡೆ ತಿರುಗಿದ. “ಆಕಿಗಿ ಗೊತ್ತಾಗಬಾರ್ದಂತ ಮಾಡ್ದೆ ಚಿಗವ್ವ. ಜೀವ ಇರೋತನಕ ಸಮಾಧಾನದಿಂದ ಇರ್ಲಿ ಅಂತ.”

“ಆಕಿಗಿ ಗೊತ್ತಿತ್ತು,” ಎಂದಳು ಮಾಣಿಕಮ್ಮ.

*

ಎಳ್ಳಮಾಸಿ ಆಗಿ ಇಪ್ಪತ್ತು ದಿನವಾಗಿತ್ತಷ್ಟೆ. ಭಾಗಮ್ಮ ಹಾಸಿಗೆ ಹಿಡಿದಾಗಿನಿಂದ ಪ್ರತಿ ವರ್ಷ ಮಾಡುವಂತೆ ಆ ದಿನವೂ ದೇವಿಂದ್ರಪ್ಪ ಮೂಲೆಯಿಂದ ತಾಟಿನಲ್ಲಿ ಮಣ್ಣು ತಂದು ತಾಯಿಯ ಹಾಸಿಗೆಯ ಹತ್ತಿರ ಇಟ್ಟಿದ್ದ. ಭಾಗಮ್ಮ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಬಹಳ ಹೊತ್ತು ಬಾಯಿ ಆಡಿಸಿದಳು.

“ಮೂಲ್ಯಾಗಿಂದು ಹೌದಿಲ್ಲೋ?”

“ಹೌದು ಯವ್ವ.”

“ಭಾಳ ದೂರದಿಂದ ಬಂದದ,” ಎಂದಳು. ಮಗನ ಮುಖ ನೋಡಲಿಲ್ಲ. “ದಣದೀದಿ. ಹೋಗು, ಉಣ್ಣು.”

ದೇವಿಂದ್ರಪ್ಪ ಹೋಗಿ ಹೊಟ್ಟೆ ತುಂಬ ಕಡುಬು ಉಂಡ. ಮುದುಕಿಗೆ ಅರಳುಮರಳು ಎಂದು ಹೆಂಡತಿಯ ಮುಂದೆ ನಗಾಡಿದ ಕೂಡ.

*

“ಹಿಂದಿನ ವರ್ಷನೇ ತಿಳದಿತ್ತು,” ಮಾಣಿಕಮ್ಮ ಹೇಳಿದಳು. “‘ಹೊಳಿ ಮಣ್ಣು ತಂದು ನೆಕ್ಕಸಾಕತ್ಯಾನ, ನನ್ನ ಮೂಲಿ ಹೋಯ್ತು ಮಾಣಿಕಮ್ಮ’ ಅಂತ ಅತ್ತಳು. ನಾ ಕೇಳ್ತೀನಿ ಅಂದ್ರ ಬಿಡ್ಲಿಲ್ಲ. ‘ಬೈಬ್ಯಾಡ. ನಾ ಸತ್ತ ದಿನ ಅಲ್ಲೇ ಅಗಸು, ಅಂವ ನಿಂತು ನೋಡ್ಲಿ’ ಅಂದಳು. ನೋಡು ಈಗ.”

ದೇವಿಂದ್ರಪ್ಪನಿಗೆ ಇಷ್ಟು ವರ್ಷ ತಾನು ತಾಯಿಗೆ ಮೋಸ ಮಾಡಿದೆ ಎಂಬ ಅಳುಕು ಇತ್ತು. ಅವಳೇ ತನ್ನನ್ನು ಕಾಯುತ್ತಾ ಮಲಗಿದ್ದಳು ಎಂಬುದು ಗೊತ್ತಿರಲಿಲ್ಲ.

“ರುದ್ರಭೂಮಿಗೇ ಹೋಗೋಣ್ರಿ,” ಎಂದರು ಅಯ್ಯನವರು.

“ಬ್ಯಾಡ್ರಿ,” ಎಂದ ದೇವಿಂದ್ರಪ್ಪ. ಅಂಗಿ ಬಿಚ್ಚಿ ಕುಣಿಗೆ ಇಳಿದು ಮಶಾಕನ ಕೈಯಿಂದ ಗುದ್ದಲಿ ಕಸಿದುಕೊಂಡ.

ಕುಣಿ ಸಿದ್ಧವಾಯಿತು, ಮಣ್ಣಿರಲಿಲ್ಲ. ದಂಡೋತಿಗೆ ಟ್ರಾಕ್ಟರ್ ಹೋಗಿ ಬರುವಷ್ಟು ಹೊತ್ತೂ ಇರಲಿಲ್ಲ. ಮಾಣಿಕಮ್ಮ ಹೆಂಗಸರಿಗೆ ಪುಟ್ಟಿ ಕೊಟ್ಟು ಊರೊಳಗೆ ಕಳಿಸಿದಳು. ಅವರು ಮನೆಮನೆ ತಿರುಗಿದರು. ಯಾರ ಅಂಗಳದಲ್ಲೂ ಮಣ್ಣಿಲ್ಲ, ಹಿತ್ತಲಲ್ಲೂ ಇಲ್ಲ. ಎಲ್ಲ ಕಡೆ ಫರ್ಸಿ ಹಾಸಿದೆ, ಅರ್ಧಕ್ಕರ್ಧ ದೇವಿಂದ್ರಪ್ಪನ ಖಣಿಯದೇ. ಕೊನೆಗೆ ಹೂಗಿಡ ಹಚ್ಚಿದ್ದ ಡಾಲ್ಡಾ ಡಬ್ಬಿ, ಒಡಕು ಕೊಡ, ಹಳೆ ಬಕೀಟುಗಳನ್ನು ಬೋರಲು ಹಾಕಿದರು. ಬೇರು ಜೋತಾಡುವ ಗಿಡಗಳ ಸಮೇತ ಪುಟ್ಟಿಗಳು ಬಂದವು.

ಭಾಗಮ್ಮನನ್ನು ಇಳಿಸಿ ಕೂರಿಸಿದರು. ಕೆಳಗೆ ಬರಿಯ ಕಲ್ಲು. ಡಬ್ಬಿಯ ಮಣ್ಣು ಅವಳ ಎದೆಯವರೆಗೆ ಬಂತು, ಕೈಯಿಂದ ಗುಡಿಸಿ ಹಾಕಿದ ಮೇಲೆ ಹೆಗಲವರೆಗೆ. ಉಳಿದದ್ದಕ್ಕೆ ಮೇಲೆ ಎಳೆದಿದ್ದ ಹೊಳೆಮಣ್ಣನ್ನು ಕೆರೆದು ಹಾಕೋಣವೆಂದರೆ ಅದು ಆಗಲೇ ಪುಡಿಯಲ್ಲಿ ಬೆರೆತುಹೋಗಿತ್ತು. ತಾಯಿಯ ಮುಖದ ಮೇಲೆ ದೇವಿಂದ್ರಪ್ಪ ಸಲಿಕೆಯಿಂದ ಹಾಕಿದ್ದು ಕಲ್ಲುಪುಡಿ. ಅವನು ಆಗ ದನಿ ತೆಗೆದು ಅತ್ತ. ಯಾರೂ ಹತ್ತಿರ ಹೋಗಿ ಬೆನ್ನು ಸವರಲಿಲ್ಲ.

ಜನ ಕೈಕಾಲು ತೊಳೆಯಲು ಹೊರಟರು. ಮಾಣಿಕಮ್ಮ ಕಿತ್ತ ಗಿಡಗಳ ರಾಶಿಯೊಳಗಿಂದ ಒಂದು ಮಲ್ಲಿಗೆ ಬಳ್ಳಿ ಆರಿಸಿ ಅವನ ಕೈಗೆ ಕೊಟ್ಟಳು.

“ಹಚ್ಚು. ಬೇರು ಹತ್ತಾಂಗಿಲ್ಲ. ಆದ್ರೂ ಹಚ್ಚು,” ಎಂದು ಹೊರಟುಹೋದಳು.

ದೇವಿಂದ್ರಪ್ಪ ಪುಡಿಯೊಳಗೆ ಬೆರಳು ತೂರಿಸಿ ಬಳ್ಳಿ ನೆಟ್ಟ. ಅದು ವಾಲಿತು. ಮತ್ತೆ ನೆಟ್ಟ, ಮತ್ತೆ ವಾಲಿತು. ಆನಿಸಲು ಏನಾದರೂ ಇದೆಯೇ ಎಂದು ಸುತ್ತ ನೋಡಿ, ಬಿದ್ದಿದ್ದ ಮೊಳದುದ್ದದ ಒಂದು ಫರ್ಸಿ ಎತ್ತಿಕೊಂಡ. ಪುಡಿ ಒರೆಸಿ, ಕಿವಿ ಹತ್ತಿರ ಹಿಡಿದು, ಮಾರುವ ಕಲ್ಲಿಗೆ ಮಾಡುವಂತೆ ಒಡಕು ಇದೆಯೇ ಎಂದು ಬೆರಳ ಗೆಣ್ಣಿನಿಂದ ಬಡಿದ.

ಖಣ್ ಎಂದಿತು.