ನಿಲ್ಲಿಸಿಯೇ ಒಯ್ಯಬೇಕು

ಜನರೇಟರನ್ನು ಮಲಗಿಸಿ ಒಯ್ಯಬಾರದು. ಕೊಪ್ಪದ ನನ್ನ ಶಾಮಿಯಾನ ಅಂಗಡಿಗೆ ಬಾಡಿಗೆಗೆ ಕೇಳಿ ಬಂದವರಿಗೆಲ್ಲ ಹದಿನೆಂಟು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಹೂಂ ಹೂಂ ಎನ್ನುತ್ತಾರೆ, ಪಿಕಪ್ಪಿನ ಹಿಂದೆ ಅಡ್ಡ ಕೆಡವಿ ಮೇಲೆ ಕುರ್ಚಿ ಪೇರಿಸಿಕೊಂಡು ಹೋಗುತ್ತಾರೆ, ಸಂಜೆ ಫೋನ್ ಮಾಡಿ ನನ್ನನ್ನೇ ಬೈಯುತ್ತಾರೆ. ನನ್ನ ಮಾತನ್ನು ಕಡೆಯವರೆಗೂ ಕಿವಿಗೊಟ್ಟು ಕೇಳಿದವರು ಇಷ್ಟು ವರ್ಷದಲ್ಲಿ ಒಬ್ಬರೇ. ಅಂಥವರು ಇನ್ನೊಬ್ಬರು ಬರದೇ ಇರಲಿ.

ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಅವರು ಬಂದರು. ಬೇಗಾರಿನ ರವಿಶಂಕರ ಭಟ್ಟರು. ಹಿಂದೆ ಎರಡು ಸಲ ಅವರ ಮನೆ ಕಾರ್ಯಕ್ರಮಕ್ಕೆ ಲೈಟು ಹಾಕಿದ್ದೆ, ಗುರುತಿತ್ತು. ಕಣ್ಣು ಕೆಂಪಾಗಿತ್ತು, ತಲೆ ಬಾಚಿರಲಿಲ್ಲ. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಅಮ್ಮ ನಿನ್ನೆ ಸಂಜೆ ಹೋದ್ಲು ಮುಸವ್ವಿರ್," ಎಂದರು.

ನಿಂತೇ ವಿಷಯ ಹೇಳಿದರು. ಅವರ ತಾಯಿ ತ್ರಿಪುರಸುಂದರಮ್ಮ ಪ್ರಾಣ ಬಿಡುವ ಮೊದಲು, ಮಗಳು ಮಹಿಮಾ ಬಂದು ಮುಖ ನೋಡುವ ತನಕ ನನ್ನನ್ನು ಎತ್ತಬೇಡಿ ಎಂದು ತಮ್ಮ ತಂಗಿ ಸುಬ್ಬಮ್ಮನ ಕೈ ಹಿಡಿದು ಹೇಳಿದ್ದರಂತೆ. ಮಹಿಮಾ ಇರುವುದು ನಾಗಪುರದಲ್ಲಿ. ಹನ್ನೊಂದು ವರ್ಷದಿಂದ ತಾಯಿ ಮಗಳು ಒಬ್ಬರ ಮುಖ ಒಬ್ಬರು ಕಂಡಿಲ್ಲ. ಸುದ್ದಿ ಕೇಳಿ ಹೊರಟಿದ್ದಾಳೆ, ಮುಟ್ಟುವುದು ಬುಧವಾರ ಬೆಳಿಗ್ಗೆ. ಅಲ್ಲಿಯವರೆಗೆ ಇಡಲೆಂದು ಶೃಂಗೇರಿಯಿಂದ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ತಂದರು. ಬೆಳಗಾಗುವಾಗ ಗಾಳಿಗೆ ಲೈನು ಹರಿದು ಕರೆಂಟು ಹೋಯಿತು. ಶೃಂಗೇರಿಯಲ್ಲಿದ್ದ ಜನರೇಟರುಗಳೆಲ್ಲ ಬೇರೆ ಕಡೆ ಹೋಗಿಬಿಟ್ಟಿದ್ದವು.

"ನಾಳೆ ಬೆಳಿಗ್ಗೆ ತನಕ ಓಡಿದ್ರೆ ಸಾಕು ಮಾರಾಯ. ಇಲ್ದಿದ್ರೆ ಇವತ್ತೇ ಎತ್ಬೇಕಾಗ್ತದೆ."

ನನ್ನ ತಾಯಿ ಜಹೀರಾ ತೀರಿಕೊಂಡಾಗ ನಾನು ಹಾಸನದಲ್ಲಿದ್ದೆ. ನಮ್ಮಲ್ಲಿ ಮಣ್ಣು ಮಾಡಲು ತಡ ಮಾಡುವುದಿಲ್ಲ. ನಾನು ಊರು ಮುಟ್ಟುವಾಗ ಹಸಿ ಮಣ್ಣಿನ ಗುಡ್ಡೆ ಮಾತ್ರ ಇತ್ತು. ಮುಖ ಸಿಗದ ನೋವು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದ್ದುದರಲ್ಲಿ ಒಳ್ಳೆಯ ಮಿಶನ್ನನ್ನೇ ತೆಗೆದೆ. ಐವತ್ತು ಕಿಲೋದ್ದು, ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುವಂಥದ್ದು. ಅವರೆದುರೇ ಓಡಿಸಿ ತೋರಿಸಿ ಆಫ್ ಮಾಡಿದೆ. ನನ್ನ ಗಾಡಿಯನ್ನು ಅಂಗಡಿಯ ಹುಡುಗ ತೌಸೀಫ್ ಕಡಹಿನಬೈಲಿಗೆ ಮದುವೆ ಕೆಲಸಕ್ಕೆ ಒಯ್ದಿದ್ದ, ಹಾಗಾಗಿ ಭಟ್ಟರ ಪಿಕಪ್ಪಿಗೇ ಏರಿಸಿದೆ. ಅಡಿಗೆ ಹಳೆ ರಬ್ಬರ್ ಮ್ಯಾಟು ಹಾಸಿ, ಕ್ಯಾಬಿನ್ನಿಗೆ ಒತ್ತಿ ನಿಲ್ಲಿಸಿ, ಪೆಟ್ರೋಲ್ ಕಾಕ್ ಮುಚ್ಚಿ, ಫ್ರೇಮಿನ ನಾಲ್ಕು ಮೂಲೆಯಿಂದ ನಾಲ್ಕು ಕೊಕ್ಕೆಗೆ ಹಗ್ಗ ಬಿಗಿದೆ. ನಾನು ಎಡಚ. ನನ್ನ ಗಂಟುಗಳೆಲ್ಲ ಎಡಕ್ಕೆ ಸುತ್ತಿಕೊಳ್ಳುತ್ತವೆ, ಬಲಗೈಯವರು ಬಿಚ್ಚಲು ಹೋದರೆ ಉಗುರು ಕಿತ್ತುಕೊಳ್ಳುತ್ತಾರೆ. ಬಜಾರಿನಲ್ಲಿ ಅದಕ್ಕೆ ನನ್ನನ್ನು ತಮಾಷೆ ಮಾಡುವುದುಂಟು.

ಕಟ್ಟುತ್ತಾ ನನ್ನ ಹಳೇ ಪಾಠ ಶುರು ಮಾಡಿದೆ. ಭಟ್ಟರು ಪಕ್ಕದಲ್ಲೇ ನಿಂತು ಕೇಳಿದರು.

"ಮಲಗಿಸಿದ್ರೆ ಎಂತ ಆಗ್ತದೆ?"

"ಇಂಜಿನ್ ಆಯಿಲ್ ಸಿಲಿಂಡರಿಗೆ ನುಗ್ತದೆ ಭಟ್ರೇ. ಆಮೇಲೆ ಸ್ಟಾರ್ಟ್ ಮಾಡೋ ಹಗ್ಗ ಎಳದ್ರೆ ಕಲ್ಲು ಎಳದ ಹಾಗೆ. ಅಲ್ಲಾಡೋದಿಲ್ಲ."

"ಯಾವ ಕಡೆಗೆ ಬಿದ್ರೂ ಹಾಗೇನಾ?"

"ಈ ಸ್ಪಾರ್ಕ್ ಪ್ಲಗ್ ಇದ್ಯಲ್ಲ, ಈ ಕಡೆಗೆ ಬಿದ್ರೆ ಖಂಡಿತ."

"ಒಂದು ಸಲ ಹಾಗಾದ್ರೆ ಮಿಶನ್ ಹಾಳೇನಾ?"

"ಇಲ್ಲ ಇಲ್ಲ. ಪ್ಲಗ್ ಬಿಚ್ಚಿ ನಾಕು ಸಲ ಎಳದ್ರೆ ಆಯಿಲ್ ಹಾರ್ತದೆ. ಗೊತ್ತಿದ್ದವನಿಗೆ ಹತ್ತು ನಿಮಿಷದ ಕೆಲಸ. ಗೊತ್ತಿಲ್ದವ ಬೆಳಗಿಂದ ಸಂಜೆ ತನಕ ಎಳೀಬೇಕು, ಅಷ್ಟೇ."

ಅವರು ತಲೆಯಾಡಿಸಿದರು. ಎಂಥ ಜವಾಬ್ದಾರಿಯ ಮನುಷ್ಯ, ತಾಯಿ ಸತ್ತ ದುಃಖದಲ್ಲೂ ಎಷ್ಟು ಅಚ್ಚುಕಟ್ಟಾಗಿ ವಿಚಾರಿಸುತ್ತಾರೆ ಎಂದು ನನಗೆ ಹೆಮ್ಮೆಯಾಯಿತು. ನಾನೂ ಹಿಂದೆ ಕೂತು ಬರುತ್ತೇನೆ ಎಂದೆ.

"ಬೇಡ ಮಾರಾಯ. ನೀನು ಇಷ್ಟು ಚಂದ ಕಟ್ಟಿದ ಮೇಲೆ ಎಂತ ಹೆದರಿಕೆ," ಎಂದು ನನ್ನ ಹೆಗಲು ಮುಟ್ಟಿ ಹೊರಟರು. ಆಗ ಹತ್ತೂವರೆ.

ಎರಡು ಗಂಟೆಗೆ ಒಂದು ಫೋನು ಬಂತು. ದನಿ ಮುದುಕಿಯದು.

"ಕೊಪ್ಪದ ಜನರೇಟರಿನವನಾ? ನಾನು ಸುಬ್ಬಮ್ಮ, ಬೇಗಾರಿಂದ. ಎಂತ ಮಿಶನ್ ಕೊಟ್ಟಿದ್ದೆ ಮಾರಾಯ? ಹಗ್ಗ ಎಳದ್ರೆ ಅಲ್ಲಾಡುದೇ ಇಲ್ಲ. ನಮ್ಮ ಮಾಣಿ ರವಿಶಂಕರ ಎರಡು ಗಂಟೆ ಹೊತ್ತು ಎಳದೂ ಎಳದೂ ಕೈ ಸುಲಿದು ಹೋತು. ನಿನಗೆ ಫೋನ್ ಮಾಡಿದ್ರೆ ನೀನು ಎತ್ತುದಿಲ್ಲ ಅಂತ ಹೇಳ್ದ. ಮಿಶನ್ ಮೇಲೆ ನಂಬರ್ ಬರ್ದಿತ್ತು, ಸಿಗ್ನಲ್ ಸಿಗ್ಲಿ ಅಂತ ನಾನೇ ಗೇಟಿನ ಹತ್ರ ಬಂದು ಮಾಡ್ತಾ ಇದ್ದೆ."

ನನಗೆ ಒಂದು ಫೋನೂ ಬಂದಿರಲಿಲ್ಲ.

"ಅಮ್ಮಾ, ಒಂದು ಗಂಟೆ ಕಾಯಿರಿ. ನಾನು ಬಂದು ಸ್ಟಾರ್ಟ್ ಮಾಡಿ ಕೊಡ್ತೇನೆ. ಎತ್ತಬೇಡಿ ಅಂತ ಹೇಳಿ," ಎಂದೆ.

ಪಕ್ಕದ ಅಂಗಡಿಯ ಅಸಾದುಲ್ಲಾನ ಬೈಕು ಹತ್ತಿ ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಕಟ್ಟಿದ್ದು ಬೀಳುವುದಿಲ್ಲ. ಪಿಕಪ್ಪೇ ಮಗುಚಿದರೂ ನನ್ನ ಜನರೇಟರು ಬೀಳುವುದಿಲ್ಲ. ಮತ್ತೆ ಹೇಗೆ? ಶೃಂಗೇರಿ ದಾಟಿದ ಮೇಲೆ ರಸ್ತೆಗೆ ಅಡ್ಡ ಬಿದ್ದ ಮರ ಕಡಿಯುತ್ತಿದ್ದರು. ಅಲ್ಲಿ ಇಪ್ಪತ್ತು ನಿಮಿಷ ಕಳೆದುಹೋಯಿತು.

ಬೇಗಾರು ಮುಟ್ಟುವಾಗ ಮೂರೂ ಮುಕ್ಕಾಲು. ಅಂಗಳದಲ್ಲಿ ಗಂಡಸರು ಯಾರೂ ಇರಲಿಲ್ಲ, ತೋಟದ ಕೆಲಸದ ವಿಜಯ ಒಬ್ಬ ಬಿಟ್ಟು. ಜಗಲಿಯಲ್ಲಿ ಫ್ರೀಜರ್ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು, ಒಳಗೆ ಒಂದು ಒದ್ದೆ ಬಟ್ಟೆ. ಸುಬ್ಬಮ್ಮ ಕಂಬಕ್ಕೆ ಒರಗಿ ಕೂತಿದ್ದರು.

"ನೀನು ಬರ್ತೆ ಅಂದೆ ಅಂತ ಹೇಳ್ದೆ. ಅವ ಬರುದಿಲ್ಲ, ಎಲ್ಲರೂ ಹಾಗೇ ಹೇಳುದು ಅಂದ ನಮ್ಮ ಮಾಣಿ. ಎತ್ತಿಯಾಯ್ತು."

ಮೂರು ಗಂಟೆಗೇ ಎತ್ತಿದ್ದರು.

ನಾನು ಚೀಲದಿಂದ ಸ್ಪ್ಯಾನರ್ ತೆಗೆದು ಪ್ಲಗ್ ಬಿಚ್ಚಿದೆ. ಹಗ್ಗ ಎಳೆದ ಕೂಡಲೇ ಕಪ್ಪು ಆಯಿಲ್ ಚಿಮ್ಮಿ ನನ್ನ ಅಂಗಿಗೆ ಬಿತ್ತು. ನಾಲ್ಕು ಸಲ ಎಳೆದೆ, ಪ್ಲಗ್ ಒರೆಸಿ ಹಾಕಿದೆ, ಮತ್ತೆ ಎಳೆದೆ. ಹೊಗೆ ಉಗುಳಿ ಸ್ಟಾರ್ಟ್ ಆಯಿತು. ಹತ್ತು ನಿಮಿಷವೂ ಆಗಿರಲಿಲ್ಲ. ಪೆಟ್ಟಿಗೆಯ ವಯರು ಇನ್ನೂ ಜನರೇಟರಿಗೇ ಚುಚ್ಚಿತ್ತು; ಖಾಲಿ ಪೆಟ್ಟಿಗೆಯ ಕೆಂಪು ದೀಪ ಹತ್ತಿಕೊಂಡಿತು. ಆ ಹೊತ್ತಿಗೆ ಅದನ್ನು ಓಡಿಸಿ ಯಾರಿಗೇನು ಲಾಭ? ನನಗೆ ಸಿಟ್ಟಿತ್ತು, ನನ್ನ ಮಿಶನ್ ಸರಿ ಇದೆ ಎಂದು ತೋರಿಸಬೇಕಿತ್ತು, ಅಷ್ಟೇ.

ಆ ಸದ್ದಿಗೆ ಸುಬ್ಬಮ್ಮ ಎರಡೂ ಕಿವಿ ಮುಚ್ಚಿಕೊಂಡು ಅಳತೊಡಗಿದರು. "ನಿಲ್ಸು ಮಾರಾಯ. ಈಗ ಯಾರಿಗೆ ಓಡಿಸ್ತೆ? ನಿಲ್ಸು." ನಾನು ಮಾಡಿದ್ದು ಎಂಥ ಕೆಲಸ ಎಂದು ಆಮೇಲೆ ತಿಳಿಯಿತು. ನಿಲ್ಲಿಸಿದೆ.

ಪಿಕಪ್ಪಿನ ಹತ್ತಿರ ಹೋದೆ. ನಾನು ಮಿಶನ್ ನಿಲ್ಲಿಸಿದ್ದ ಜಾಗದ ಪಕ್ಕದಲ್ಲಿ ಆಯಿಲ್ ಹರಿದ ಕಲೆಯಿತ್ತು, ಫ್ರೇಮ್ ಅಡ್ಡ ಬಿದ್ದಷ್ಟೇ ಅಗಲ. ಹಗ್ಗದ ತುಂಡುಗಳು ಅಲ್ಲೇ ಬಿದ್ದಿದ್ದವು.

"ಇಳಿಸೋವಾಗ ಮಲಗಿತ್ತಾ?" ಎಂದು ವಿಜಯನನ್ನು ಕೇಳಿದೆ.

"ಇಲ್ಲ, ನೆಟ್ಟಗೆ ನಿಂತಿತ್ತು. ಗಟ್ಟಿ ಕಟ್ಟಿದ್ರು, ಬಿಚ್ಚಕ್ಕೆ ಬರ್ದೆ ಕತ್ತಿಲಿ ಕೊಯ್ದೆ."

ಕೊಯ್ದ ತುಂಡುಗಳಲ್ಲಿ ಗಂಟು ಹಾಗೇ ಇತ್ತು. ನಾಲ್ಕನ್ನೂ ತಿರುಗಿಸಿ ನೋಡಿದೆ. ನಾಲ್ಕೂ ಬಲಕ್ಕೆ ಸುತ್ತಿದ್ದವು.

ವಿಜಯ ದನಿ ತಗ್ಗಿಸಿದ. "ಜನರೇಟರ್ ತರಕ್ಕೆ ನಾನು ಹೋಗ್ತೇನೆ ಅಂದೆ. ಅಯ್ಯ ಕೇಳ್ಲಿಲ್ಲ, ನಾನೇ ಹೋಗ್ಬೇಕು ಅಂದ್ರು. ಆ ಮಹಿಮಾ ಕೂಸು ಬೇರೆ ಜಾತಿಯವನನ್ನ ಕಟ್ಕೊಂಡು ಹೋದ ದಿನ ಇದೇ ಅಂಗಳದಲ್ಲಿ ಅಯ್ಯನೇ ಹೇಳಿದ್ರು, ನಾನಿರೋ ತನಕ ಅವಳು ಈ ಮನೆಯ ಯಾರ ಮುಖಾನೂ ನೋಡೋದಿಲ್ಲ ಅಂತ. ಸುಬ್ಬಮ್ಮನೋರು ಹಟ ಹಿಡಿದಿದ್ದಕ್ಕೆ ಪೆಟ್ಟಿಗೆ ತಂದಿದ್ದು."

ಆಗ ನನಗೆ ಎಲ್ಲ ಗೊತ್ತಾಯಿತು. ದಾರಿಯಲ್ಲಿ ಗಾಡಿ ನಿಲ್ಲಿಸಿ, ನನ್ನ ಗಂಟು ಬಿಚ್ಚಿ, ಪ್ಲಗ್ ಇರುವ ಕಡೆಗೇ ಮಲಗಿಸಿ, ಆಯಿಲ್ ಇಳಿಯಲೆಂದು ಕಾದು, ಮತ್ತೆ ನಿಲ್ಲಿಸಿ ಕಟ್ಟಿ ತಂದಿದ್ದಾರೆ. ಎಲ್ಲ ನಾನು ಹೇಳಿಕೊಟ್ಟ ಹಾಗೆಯೇ. ಶಿಷ್ಯ ಅಂದರೆ ಹೀಗಿರಬೇಕು.

ಐದೂವರೆಯ ಹೊತ್ತಿಗೆ ಗಂಡಸರು ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಬಂದರು. ನಾನು ಹಗ್ಗದ ತುಂಡುಗಳನ್ನು ಹಿಡಿದು ಎದುರು ಹೋದೆ.

"ಭಟ್ರೇ, ದಾರಿಲಿ ಇದನ್ನ ಬಿಚ್ಚಿ ಕಟ್ಟಿದ್ದು ಯಾರು?"

ಅವರು ನನ್ನನ್ನೇ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ನಿನ್ನ ತಪ್ಪಲ್ಲ ಮಾರಾಯ. ಹಳೇ ಮಿಶನ್ನು, ಕೈ ಕೊಡ್ತು. ನಾನು ಯಾರ ಹತ್ರಾನೂ ದೂರು ಹೇಳೋನಲ್ಲ," ಎಂದು ಎರಡೂ ಅಂಗೈ ಬಿಡಿಸಿ ತೋರಿಸಿದರು. ಚರ್ಮ ಎದ್ದು ಮಾಂಸ ಕಾಣುತ್ತಿತ್ತು. ನೆಂಟರು ಆ ಕೈ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಬ್ಬ ಹಿರಿಯರು, "ಸಾವಿನ ಮನೆ ಬಾಗಿಲಲ್ಲಿ ಎಂತ ಜಗಳ, ತಗೊಂಡು ಹೋಗು," ಎಂದರು. ನನ್ನ ಕೈಯಲ್ಲಿದ್ದದ್ದು ನಾಲ್ಕು ತುಂಡು ಹಗ್ಗ.

ಮರುದಿನ ಮಧ್ಯಾಹ್ನ ಮಹಿಮಾ ಫೋನ್ ಮಾಡಿದಳು.

"ಜನರೇಟರ್ ಕೊಟ್ಟವರು ನೀವೇನಾ? ಬೈಯೋದಕ್ಕೆ ಮಾಡಿದ್ದಲ್ಲ. ನಿಮ್ಮ ಹತ್ರ ಒಂದು ಒಳ್ಳೇ ಮಿಶನ್ ಇರಲಿಲ್ವಾ?"

ನಾನು ಎಲ್ಲ ಹೇಳಿದೆ. ಆಯಿಲ್ ಕಲೆ, ಗಂಟು, ನನ್ನ ಎಡಗೈ, ಅವಳಣ್ಣ ಕೇಳಿದ ಪ್ರಶ್ನೆಗಳು, ಒಂದೂ ಬಿಡದೆ ಹೇಳಿದೆ. ಅವಳು ಅಡ್ಡ ಬಾಯಿ ಹಾಕದೆ ಕೇಳಿದಳು.

"ಅಣ್ಣ ಹೇಳಿದ್ದ," ಎಂದಳು ಕೊನೆಗೆ. "ನೀವು ಹೀಗೇ ಹೇಳ್ತೀರಿ ಅಂತ. ಹನ್ನೊಂದು ವರ್ಷದ ಮೇಲೆ ಇವತ್ತು ನನ್ನ ಹತ್ರ ಮಾತಾಡಿದ. ನನಗೋಸ್ಕರ ಅವನ ಕೈ ಏನಾಗಿದೆ ಅಂತ ನೀವು ನೋಡಿದೀರಾ?"

ಫೋನು ಇಟ್ಟಳು.

ಈಗಲೂ ಜನ ಬರುತ್ತಾರೆ. ನಿಲ್ಲಿಸಿಯೇ ಒಯ್ಯಿರಿ ಎನ್ನುತ್ತೇನೆ. ಯಾಕೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದಿಲ್ಲ.